ಜಟ್ಟೆಮ್ಮ ಕುಡಿದಿರಲಿಲ್ಲ

ಮರ್ಫಿ ಟೌನಿನ ಆ ವಠಾರದಲ್ಲಿ ಜಟ್ಟೆಮ್ಮನ ಬಾಯಿಗೆ ಹೆದರದವರಿರಲಿಲ್ಲ. ನಲ್ಲಿಯ ಮುಂದೆ ಸಾಲು ತಪ್ಪಿಸಿ ಬಿಂದಿಗೆ ಇಟ್ಟವರ ಬಿಂದಿಗೆಯನ್ನು ಅವಳು ಒದ್ದು ಉರುಳಿಸುತ್ತಿದ್ದಳು. ಬಾಡಿಗೆ ಕೇಳಲು ಬಂದ ಮನೆ ಮಾಲೀಕನನ್ನೇ ಬಾಗಿಲಲ್ಲಿ ನಿಲ್ಲಿಸಿ, ಸೋರುವ ಶೀಟು ತೋರಿಸಿ, ಮಾತಾಡಲು ಬಿಡದೆ ಕಳಿಸಿದ್ದಳು. ಆದರೆ ಅವಳ ಸಿಟ್ಟೆಲ್ಲ ಒಟ್ಟಾಗಿ ಎದ್ದು ನಿಲ್ಲುತ್ತಿದ್ದುದು ಹೆಂಡದ ವಿಷಯಕ್ಕೆ.

ಅದಕ್ಕೆ ಕಾರಣವಿತ್ತು. ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಅವಳ ಅಪ್ಪ ಕುಡಿದು ಕುಡಿದು, ಹೊಟ್ಟೆಯಲ್ಲಿ ನೀರು ತುಂಬಿ ಸತ್ತಿದ್ದ. ಮದುವೆಯಾದ ಮಾನಪ್ಪ ಸುಣ್ಣಬಣ್ಣದ ಕೆಲಸದಲ್ಲಿ ಚುರುಕಾದ ಆಳು, ಆದರೆ ವಾರದಲ್ಲಿ ಮೂರು ದಿನ ಅವನ ಕೆಲಸ ಸಾರಾಯಿ ಅಂಗಡಿಯ ಮುಂದೆಯೇ ಮುಗಿಯುತ್ತಿತ್ತು. ೧೯೯೧ರಲ್ಲಿ ಗಂಡ ಹೆಂಡತಿ ಬೆಂಗಳೂರಿಗೆ ಬಂದ ಎರಡನೇ ವರ್ಷವೇ ಜಟ್ಟೆಮ್ಮ ಆ ಅಂಗಡಿಗೆ ನುಗ್ಗಿ, ಸಾರಾಯಿ ಪ್ಯಾಕೆಟ್ಟು ತುಂಬಿದ್ದ ಡಬ್ಬವೊಂದನ್ನು ಎತ್ತಿ ಮೋರಿಗೆ ಎಸೆದಳು. ಅಂಗಡಿಯವನು ಕೈ ಎತ್ತಿದ್ದಕ್ಕೆ ಅವನ ಮಣಿಕಟ್ಟು ಕಚ್ಚಿದಳು. ಅಂದಿನಿಂದ ಬೀದಿಯಲ್ಲಿ ಅವಳಿಗೆ ಒಂದು ಹೆಸರಾಯಿತು, ಒಂದಷ್ಟು ಶತ್ರುಗಳೂ ಆದರು.

ಮೊದಲ ಎಂಟು ವರ್ಷ ಅವಳದು ಗಾರೆ ಕೆಲಸ. ಇಂದಿರಾನಗರದಲ್ಲಿ ಆಗ ಹಳೆಯ ಬಂಗಲೆಗಳನ್ನು ಒಡೆದು ಮೂರು ಮೂರು ಅಂತಸ್ತು ಏರಿಸುತ್ತಿದ್ದರು. ಚಾವಣಿಯ ಮೋಲ್ಡಿಂಗ್ ಹಾಕುವ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮರದ ಏಣಿ ಹತ್ತುವುದು, ಇಳಿಯುವುದು. ಊರಿನಿಂದ ಬಸ್ಸಿನಲ್ಲಿ ಬಂದ ಜೋಳದ ಹಿಟ್ಟಿನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೈಯಲ್ಲಿ ಎಲುಬು ನರ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳು ಲಕ್ಷ್ಮಿದೇವಿ ಮರಳ ರಾಶಿಯ ಪಕ್ಕದಲ್ಲೇ ನಡೆಯಲು ಕಲಿತಳು.

೧೯೯೯ರಲ್ಲಿ ಏಣಿಯಿಂದ ಬಿದ್ದು ಜಟ್ಟೆಮ್ಮನ ಮೊಣಕಾಲು ಊದಿತು. ಮೇಸ್ತ್ರಿ ಮೂರು ದಿನ ನೋಡಿ ಬೇರೆಯವಳನ್ನು ಇಟ್ಟುಕೊಂಡ. ಆಗಲೇ ಇಂದಿರಾನಗರದ ಒಂದು ಖಾಸಗಿ ನರ್ಸರಿ ಶಾಲೆಯಲ್ಲಿ ಆಯಾ ಬೇಕಾಗಿದ್ದಾಳೆ ಎಂದು ತಿಳಿಯಿತು. ಶಾಲೆ ನಡೆಸುತ್ತಿದ್ದವಳು ಜಯಮಾಲಾ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಂದೂ ಏರದ ದನಿ. ಜಟ್ಟೆಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಕ್ಕಳ ಮುಂದೆ ಈ ಗಂಟಲಲ್ಲಿ ಮಾತಾಡ್ಬಾರ್ದು," ಎಂದು ಹೇಳಿ ಕೆಲಸಕ್ಕೆ ತೆಗೆದುಕೊಂಡಳು. ಜಟ್ಟೆಮ್ಮನಿಗೆ ಅವಳ ಮೇಲೆ ಮೊದಲ ದಿನವೇ ಸಿಟ್ಟು ಹುಟ್ಟಿತು. ಆದರೂ ನೆರಳಿನಲ್ಲಿ ಸಿಕ್ಕ ಕೆಲಸ, ಬಿಡಲಿಲ್ಲ.

ಅವಳ ಪಾಲಿಗೆ ಬಂದದ್ದು ಮೂರು ವರ್ಷದ ಮಕ್ಕಳ ಕ್ಲಾಸು. ಹಲಸೂರಿನಿಂದ ಬರುತ್ತಿದ್ದ ಇನ್ನೊಬ್ಬ ಆಯಾ ಆಂಜನಮ್ಮನಿಗೆ ದೊಡ್ಡ ಮಕ್ಕಳು. ದೊಡ್ಡವು ತಮ್ಮ ಡಬ್ಬಿ ತಾವೇ ಮುಗಿಸುತ್ತಿದ್ದವು. ಚಿಕ್ಕವು ಎರಡು ತುತ್ತು ತಿಂದು ಆಟಕ್ಕೆ ಓಡುತ್ತಿದ್ದವು. ಡಬ್ಬಿ ಹಾಗೇ ತುಂಬಿ ಮನೆಗೆ ಹೋದರೆ ತಾಯಂದಿರು ಫೋನು ಮಾಡುತ್ತಿದ್ದರು: ನಿಮ್ಮಲ್ಲಿ ಮಗುವಿಗೆ ಊಟ ಮಾಡಿಸುವವರೇ ಇಲ್ಲವೇ? ಒಂದೇ ತಿಂಗಳಲ್ಲಿ ಎರಡು ಮಕ್ಕಳು ಶಾಲೆ ಬಿಟ್ಟವು. ಜಯಮಾಲಾ ಇಬ್ಬರು ಆಯಾಗಳನ್ನೂ ಕರೆದು ನಿಲ್ಲಿಸಿದಳು.

"ಇನ್ಮೇಲೆ ಎಲ್ಲಾ ಬಾಕ್ಸೂ ಖಾಲಿ ಹೋಗ್ಬೇಕು. ಹೇಗೆ ಅಂತ ನಾನು ಕೇಳಲ್ಲ. ಡಸ್ಟ್‌ಬಿನ್ನಲ್ಲಿ ಊಟ ಕಾಣಬಾರ್ದು, ನಿಮ್ಮ ಬ್ಯಾಗಲ್ಲೂ ಕಾಣಬಾರ್ದು."

ಹಾಗಾದರೆ ಉಳಿದದ್ದು ಬಾಯಿಯೊಂದೇ. ಜಟ್ಟೆಮ್ಮ ಮೊದಮೊದಲು ಮಕ್ಕಳನ್ನು ಪುಸಲಾಯಿಸಿ ತಿನ್ನಿಸಿದಳು. ಇಪ್ಪತ್ತಾರು ಮಕ್ಕಳು, ಅರ್ಧ ಗಂಟೆ. ಆಗದ ಮಾತು. ಬೆಲ್ಲು ಹೊಡೆಯುವ ಹೊತ್ತಿಗೆ ಅವಳು ಗೋಡೆಗೆ ತಿರುಗಿ ಕೂತು ಡಬ್ಬಿಗಳನ್ನು ಮುಗಿಸುತ್ತಿದ್ದಳು. ಜಾಮ್ ಸವರಿದ ಬ್ರೆಡ್ಡು, ಆರಿದ ನೂಡಲ್ಸು, ಚಿಪ್ಸು, ಸಕ್ಕರೆ ಹಾಕಿದ ಚಪಾತಿ ಸುರುಳಿ, ಕ್ರೀಂ ಬಿಸ್ಕತ್ತು. ಹುಟ್ಟುಹಬ್ಬದ ದಿನ ಕೇಕು, ಅದೂ ತಿಂಗಳಿಗೆ ಮೂರು ಸಲ. ಅನ್ನ ಚೆಲ್ಲಿದರೆ ಬೈಯುವ ಮನೆಯಲ್ಲಿ ಬೆಳೆದವಳಿಗೆ ಅದು ಅಷ್ಟು ಕಷ್ಟದ ಕೆಲಸವೆಂದು ತೋರಲಿಲ್ಲ. ಮೇಲೆ ದಿನಕ್ಕೆ ಐದು ಲೋಟ ಸಕ್ಕರೆ ಚಹಾ. ಊರಿನಿಂದ ಜೋಳ ತರಿಸುವುದೂ ನಿಂತು, ಮನೆಯಲ್ಲಿ ಎರಡು ಹೊತ್ತೂ ರೇಷನ್ ಅಕ್ಕಿಯ ಅನ್ನವಾಯಿತು.

ಐದು ವರ್ಷದಲ್ಲಿ ನಲವತ್ತಾರು ಕೆಜಿಯ ಹೆಂಗಸು ಎಪ್ಪತ್ತೊಂದಾದಳು. ಊರಿಗೆ ಹೋದಾಗ ಜನ "ಬೆಂಗ್ಳೂರು ನೀರು ಹಿಡದದ" ಎಂದು ಹೊಗಳಿದರು. ಆದರೆ ಮಧ್ಯಾಹ್ನ ಎರಡಾಗುತ್ತಲೇ ಕಣ್ಣು ಎಳೆಯುತ್ತಿದ್ದವು. ಮಕ್ಕಳನ್ನು ಮಲಗಿಸಿ, ಗೋಡೆಗೊರಗಿ ತಾನೂ ತೂಕಡಿಸುತ್ತಿದ್ದಳು. ಬಲಪಕ್ಕೆಯ ಕೆಳಗೆ ಒಂದು ಭಾರ, ಹೊತ್ತುಕೊಂಡು ತಿರುಗಿದ ಹಾಗೆ. ಎರಡು ಸಲ ಅವಳು ತೂಕಡಿಸುವುದನ್ನು ಜಯಮಾಲಾ ಕಂಡಳು. ಏನೂ ಹೇಳದೆ ಹೋದಳು. ಹೇಳದಿದ್ದದ್ದು ಮರೆತು ಅಲ್ಲ.

೨೦೦೪ರ ಜೂನ್‌ನಲ್ಲಿ ಶಾಲೆಯ ಕೆಲಸದವರಿಗೆಲ್ಲ ಆರೋಗ್ಯ ತಪಾಸಣೆ ಎಂದಾಯಿತು. ಯಾವುದೋ ಲ್ಯಾಬಿನವರು ಬಂದು ರಕ್ತ ತೆಗೆದುಕೊಂಡು ಹೋದರು. ವಾರದ ನಂತರ ಜಯಮಾಲಾ ಜಟ್ಟೆಮ್ಮನನ್ನು ಆಫೀಸಿಗೆ ಕರೆದಳು. ಬಾಗಿಲ ಪಕ್ಕ ಆಂಜನಮ್ಮನೂ ನಿಂತಿದ್ದಳು. ಮೇಜಿನ ಮೇಲೆ ಒಂದು ಕಾಗದ.

"ಜಟ್ಟೆಮ್ಮ, ಎಷ್ಟು ದಿನದಿಂದ ಕುಡೀತಿದ್ದೀಯಾ?"

ಅವಳು ಚಹಾದ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡಳು ಜಟ್ಟೆಮ್ಮ. "ಐದು ಸಲ ಆಗ್ತದ್ರಿ ಮೇಡಂ, ದಿನಕ್ಕ."

ಜಯಮಾಲಾ ಕನ್ನಡಕ ತೆಗೆದಳು. "ಐದು ಸಲ! ಹೇಳೋಕ್ಕೂ ನಾಚಿಕೆ ಇಲ್ಲ. ನಿನ್ನ ಲಿವರ್ ಹಾಳಾಗಿದೆ. ಎಸ್‌ಜಿಪಿಟಿ ನೂರಾ ಮೂವತ್ತೆಂಟು ಇದೆ, ನಲವತ್ತರೊಳಗೆ ಇರ್ಬೇಕಾದ್ದು. ಡಾಕ್ಟ್ರು ಬರೆದಿದ್ದಾರೆ ನೋಡು, ಕುಡಿತ ನಿಲ್ಲಿಸಬೇಕು ಅಂತ."

ಮಾತು ಯಾವ ಕಡೆಗೆ ಹೊರಟಿದೆ ಎಂದು ಜಟ್ಟೆಮ್ಮನಿಗೆ ಆಗ ತಿಳಿಯಿತು. "ನಾ ಕುಡ್ಯಾಂಗಿಲ್ರಿ! ಹುಟ್ಟಿದಾಗಿಂದ ಒಂದು ಹನಿ ಬಾಯಿಗಿ ಬಿಟ್ಟಿಲ್ಲ. ಚಾ ಅಂದ್ಕೊಂಡು ಹೇಳೀನಿ ನಾ!"

"ಮಧ್ಯಾಹ್ನ ಬಿದ್ದು ನಿದ್ದೆ ಮಾಡೋದು? ಕಣ್ಣು ಕೆಂಪಗಿರೋದು? ಅದೂ ಚಹಾನೇ? ನಿನ್ನ ಗಂಡ ಕುಡೀತಾನೆ ಅಂತ ನೀನೇ ಎಲ್ರಿಗೂ ಹೇಳಿದ್ದೀಯಲ್ಲ." ಜಯಮಾಲಾ ಆಂಜನಮ್ಮನ ಕಡೆ ತಿರುಗಿದಳು. "ನೀನು ಹೇಳು. ಇವಳು ಗೋಡೆ ಕಡೆ ತಿರುಗಿ ಕೂತು ಏನು ಮಾಡ್ತಾಳೆ?"

ಆಂಜನಮ್ಮ ನೆಲ ನೋಡುತ್ತಾ, "ನಂಗೇನ್ ಗೊತ್ತು ಮೇಡಂ. ಏನೋ ಬಾಯಿಗೆ ಹಾಕ್ಕೊಳ್ತಾ ಇರ್ತಾಳೆ," ಎಂದಳು.

ಡಬ್ಬಿಯ ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜಟ್ಟೆಮ್ಮ ಅವಳ ಮೇಲೆ ಎರಗಿ ಹೋದಳು. ಶಾಲೆಯ ವ್ಯಾನಿನ ಡ್ರೈವರು ಬಂದು ಅಡ್ಡ ನಿಂತ. ಜಟ್ಟೆಮ್ಮನ ಆ ಗಂಟಲು ಕೇಳಿ ಪಕ್ಕದ ಕ್ಲಾಸಿನಲ್ಲಿ ಮಕ್ಕಳು ಅಳಲು ಶುರುಮಾಡಿದವು. ಅದೇ ಕೊನೆಯಾಯಿತು. ಆ ಮಧ್ಯಾಹ್ನವೇ ಅವಳನ್ನು ಗೇಟಿನಾಚೆ ಕಳಿಸಿದರು. ರಿಪೋರ್ಟಿನ ಕಾಗದವನ್ನು ಕೈಗಿಟ್ಟು, "ಬೇರೆ ಶಾಲೆಗೆ ಹೋದ್ರೆ ನನ್ನನ್ನ ಕೇಳ್ತಾರೆ. ನಾನು ನಿಜಾನೇ ಹೇಳ್ತೀನಿ," ಎಂದಳು ಜಯಮಾಲಾ.

ಸುದ್ದಿ ಜಟ್ಟೆಮ್ಮನಿಗಿಂತ ಮೊದಲು ಮರ್ಫಿ ಟೌನು ತಲುಪಿತ್ತು. ಶಾಲೆಯ ಡ್ರೈವರು ಅದೇ ಬೀದಿಯವನು. ಹನ್ನೊಂದು ವರ್ಷದಿಂದ ಅವಳ ಬಾಯಿಗೆ ಹೆದರಿದ್ದವರಿಗೆಲ್ಲ ಅವತ್ತು ಹಬ್ಬ. ಸಾರಾಯಿ ಅಂಗಡಿಯವನು ಅವಳು ಹಾದು ಹೋಗುವಾಗ ಒಂದು ಪ್ಯಾಕೆಟ್ಟು ಎತ್ತಿ ತೋರಿಸಿ, "ಅಕ್ಕಾ, ನಮ್ಮತ್ರಾನೇ ತಗೋಬಹುದಿತ್ತಲ್ಲ," ಎಂದ. ಮಾನಪ್ಪ ಹೊಸ್ತಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಂಗ ಹನ್ನೆರಡು ವರ್ಷ ಬೈದಿ. ನೀನೇ ಮರಿಗಿ ಕೂತು ಕುಡೀತಿದ್ದಿ ಅಂದಂಗಾತು!"

ಅವಳು ಕೈಗೆ ಸಿಕ್ಕ ಚೆಂಬನ್ನು ಅವನ ಮೇಲೆ ಬೀಸಿದಳು. ಅದು ಅವನ ಭುಜಕ್ಕೆ ತಾಗಿತು. ಅವನು ಇನ್ನೂ ಜೋರಾಗಿ ನಕ್ಕ.

ಇದನ್ನೆಲ್ಲ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಬೇರೆ. ಲಕ್ಷ್ಮಿದೇವಿ ಆಗ ಒಂಬತ್ತನೇ ಕ್ಲಾಸು. ಇಂಗ್ಲಿಷು ಓದಲು ಬರುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಕಾಗದ ಓದಿ, ಮಡಿಸಿ, ಶೆಲ್ಫಿನ ಮೇಲಿಟ್ಟಳು. ಮರುದಿನ ಸಂಜೆ ಜಟ್ಟೆಮ್ಮ ಒಲೆಯ ಮುಂದೆ ಕೂತಿದ್ದಾಗ ಮಗಳು ಹತ್ತಿರ ಬಂದು, ಬಾಚಣಿಗೆ ಹುಡುಕುವವಳ ಹಾಗೆ ಬಾಗಿ, ಅವಳ ಬಾಯಿಯ ಹತ್ತಿರ ಮೂಗು ತಂದು ಉಸಿರೆಳೆದುಕೊಂಡಳು.

ಜಟ್ಟೆಮ್ಮ ಅವಳ ಜಡೆ ಹಿಡಿದಳು. "ಮೂಸಿ ನೋಡ್ತಿಯೇನು ನನ್ನ? ನಿಮ್ಮಪ್ಪನ ಬಾಯಿ ಎಂದರ ಮೂಸಿದ್ದಿಯೇನು?"

"ಅಪ್ಪಂದು ಮೂಸೋದೇ ಬೇಡ, ಬೀದಿ ಕೊನೇಗೇ ಬರುತ್ತೆ," ಎಂದಳು ಲಕ್ಷ್ಮಿದೇವಿ, ಕಣ್ಣಲ್ಲಿ ನೀರು ತುಂಬಿಕೊಂಡು. "ರಿಪೋರ್ಟಲ್ಲಿ ಹಂಗೇ ಬರೆದಿದ್ದಾರಲ್ಲ ಅವ್ವಾ. ರಕ್ತ ಯಾಕೆ ಸುಳ್ಳು ಹೇಳುತ್ತೆ?"

ಜಟ್ಟೆಮ್ಮ ಜಡೆ ಬಿಟ್ಟಳು. ತನ್ನ ರಕ್ತ ತನ್ನ ಮೇಲೆಯೇ ಸಾಕ್ಷಿ ಹೇಳಿತ್ತು. ಅವತ್ತು ಮಗಳೊಂದಿಗೆ ನಿಂತ ಮಾತು ಮತ್ತೆ ಸರಿಯಾಗಿ ಶುರುವಾಗಲು ಏಳೆಂಟು ವಾರ ಬೇಕಾಯಿತು.

ಮಗಳ ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಅವಳು ಶಿವಾಜಿನಗರಕ್ಕೆ ಹೋದಳು. ಮಸೀದಿಯೊಂದರ ಹಿಂದೆ ಧರ್ಮಾರ್ಥ ದವಾಖಾನೆ ಒಂದಿತ್ತು. ಅಲ್ಲಿ ಬುಧವಾರಕ್ಕೊಮ್ಮೆ ಹೊಟ್ಟೆಯ ಕಾಯಿಲೆ ನೋಡುತ್ತಿದ್ದವರು ಡಾಕ್ಟರ್ ಖುರ್ಷೀದಾ. ಐವತ್ತು ದಾಟಿದ ಹೆಂಗಸು, ಬಿಳಿ ಕೋಟಿನ ಮೇಲೆ ದುಪಟ್ಟಾ, ರೋಗಿಗಳನ್ನು ಬೈಯದೆ ಒಂದು ಮಾತೂ ಆಡದವರು. ಬೆಂಚಿನಲ್ಲಿ ಎರಡು ತಾಸು ಕಾದ ಜಟ್ಟೆಮ್ಮ ಒಳಗೆ ಹೋದವಳೇ ಕಾಗದವನ್ನು ಮೇಜಿನ ಮೇಲೆ ಬಡಿದಳು.

"ನಾ ಕುಡ್ಯಾಂಗಿಲ್ಲ. ಕುಡಿದು ಹೊಟ್ಟ್ಯಾಗ ನೀರು ತುಂಬಿ ಸತ್ತಾಂವ ನಮ್ಮಪ್ಪ. ನೀವೂ ಕುಡಿತಿಯೇನು ಅಂತ ಕೇಳೋದಾದ್ರ ಈಗ್ಲೇ ಹೇಳಿಬಿಡ್ರಿ, ಎದ್ದು ಹೋಗ್ತೀನಿ."

"ಕೂತ್ಕೋ. ಮೇಜು ಒಡೀಬೇಡ, ಮೊದ್ಲೇ ಒಂದು ಕಾಲಿಲ್ಲ ಅದಕ್ಕೆ." ಡಾಕ್ಟರು ಕಾಗದ ನೋಡಿದರು. ಪೆನ್ನಿನಿಂದ ಎರಡು ಸಾಲಿನ ಕೆಳಗೆ ಗೀಟೆಳೆದರು. "ಇದನ್ನ ನೋಡಿ ಕುಡಿತ ಅಂತ ಬರೆದೋನು ಎರಡೂ ನಂಬರ್ ನೋಡಿಲ್ಲ. ಎಸ್‌ಜಿಪಿಟಿ ನೂರಾ ಮೂವತ್ತೆಂಟು, ಎಸ್‌ಜಿಒಟಿ ಎಪ್ಪತ್ನಾಲ್ಕು. ಕುಡಿಯೋರಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತೆ, ಎರಡನೇದು ಜಾಸ್ತಿ. ಇಷ್ಟರಲ್ಲೇ ನೀನು ಕುಡಿಯಲ್ಲ ಅಂತ ನಾನು ಬರೆದುಕೊಡಲ್ಲ. ಬೇರೆ ಕಾರಣ ಹುಡುಕಬೇಕು ಅಂತ ಮಾತ್ರ ಹೇಳ್ತೀನಿ."

ಮುಂದಿನ ಎರಡು ವಾರ ಜಟ್ಟೆಮ್ಮ ತೋಳು ಚಾಚಿ ಚಾಚಿ ಸಾಕಾದಳು. ಕಾಮಾಲೆ ತರುವ ವೈರಸ್ಸು ಬಿ, ಸಿ ಎರಡೂ ಇರಲಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆ. ರಕ್ತದ ಕೊಬ್ಬು ತುಂಬಾ ಮೇಲೆ. ಸ್ಕ್ಯಾನಿಂಗಿನಲ್ಲಿ ಲಿವರು ಬೆಳ್ಳಗೆ ಹೊಳೆಯಿತು. ಡಾಕ್ಟರ್ ಖುರ್ಷೀದಾ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕೊಬ್ಬು," ಎಂದರು. "ಲಿವರ್ ತುಂಬ ಕೊಬ್ಬು ಕೂತಿದೆ. ಏನು ತಿಂತೀಯಾ?"

"ಎರಡು ಹೊತ್ತು ಅನ್ನ ಸಾರು. ಎಣ್ಣಿ ನಾ ಅಷ್ಟು ಹಾಕಂಗಿಲ್ರಿ. ಮಾಂಸ ಹಬ್ಬಕ್ಕ ಮಾತ್ರ."

"ಸುಳ್ಳು."

"ಸುಳ್ಳಲ್ಲ!"

"ಇದು ಎರಡು ಹೊತ್ತಿನ ಅನ್ನ ಸಾರಿನ ಲಿವರ್ ಅಲ್ಲ. ಬೆಳಿಗ್ಗೆ ಎದ್ದಾಗಿಂದ ಹೇಳು. ಬಾಯಿಗೆ ಹೋದದ್ದೆಲ್ಲ ಹೇಳು."

ಜಟ್ಟೆಮ್ಮ ಶಾಲೆಯಲ್ಲಿದ್ದಾಗಿನ ದಿನವೊಂದನ್ನು ಹೇಳತೊಡಗಿದಳು. ಚಹಾ ಬಂತು, ಬನ್ನು ಬಂತು. ಹನ್ನೊಂದು ಗಂಟೆಗೆ ಬಂದಾಗ ಮಾತು ತಡೆಯಿತು. ಆಮೇಲೆ ಡಬ್ಬಿಗಳ ವಿಷಯ ಹೊರಗೆ ಬಂತು: ಬ್ರೆಡ್ಡು, ಜಾಮು, ನೂಡಲ್ಸು, ಕೇಕು, ಖಾಲಿ ಹೋಗಲೇಬೇಕೆಂಬ ಅಪ್ಪಣೆ, ಅದಕ್ಕೂ ಮೊದಲಿನ ಬಾಂಡ್ಲಿ ಹೊರುವ ಕೆಲಸ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

"ಐದು ವರ್ಷ? ದಿನಾ?"

"ಹೌದ್ರಿ. ಭಾನುವಾರ ಬಿಟ್ಟು."

"ಯಾ ಅಲ್ಲಾ!" ಅವರಿಗೆ ಬಂದ ಸಿಟ್ಟು ಯಾರ ಮೇಲೆ ಎಂದು ಜಟ್ಟೆಮ್ಮನಿಗೆ ಮೊದಲು ತಿಳಿಯಲಿಲ್ಲ. "ಕೇಳು. ನೀನು ತಿಂದ ಸಕ್ಕರೆ, ಮೈದಾ ಮೊದ್ಲು ಲಿವರಿಗೆ ಬರುತ್ತೆ. ಮೈ ಖರ್ಚು ಮಾಡಿದ್ದು ಹೋಗಿ ಉಳಿದದ್ದನ್ನ ಅಲ್ಲಿರೋ ಕಿಣ್ವಗಳು, ಎನ್‌ಜೈಮ್ ಅಂತೀವಲ್ಲ, ಅವು ಕೊಬ್ಬು ಮಾಡಿ ಇಡ್ತವೆ. ಹೊಟ್ಟೆ ಖಾಲಿ ಇದ್ದಾಗ ಬೇರೆ ಕಿಣ್ವಗಳು ಆ ಕೊಬ್ಬನ್ನ ತೆಗೆದು ಸುಡ್ತವೆ. ಆದ್ರೆ ನೀನು ಹೊಟ್ಟೆ ಖಾಲಿ ಬಿಟ್ಟಿದ್ದು ಯಾವಾಗ? ಗಂಟೆಗೊಂದು ಸಲ ಸಿಹಿ ಬಿದ್ರೆ ರಕ್ತದಲ್ಲಿ ಇನ್ಸುಲಿನ್ ಏರೇ ಇರುತ್ತೆ. ಅದು ಏರಿದ್ದಷ್ಟು ಹೊತ್ತು ಕೊಬ್ಬು ಮಾಡೋ ಕೆಲಸ ಜೋರು, ಸುಡೋ ಕೆಲಸ ಬಂದ್."

"ಮತ್ತ ಆ ನಂಬರು?"

"ಎಸ್‌ಜಿಪಿಟಿನೂ ಒಂದು ಕಿಣ್ವಾನೇ. ಅದರ ಜಾಗ ಲಿವರಿನ ಜೀವಕೋಶದ ಒಳಗೆ. ಕೊಬ್ಬು ತುಂಬಿ ಕೋಶಕ್ಕೆ ಪೆಟ್ಟಾದ್ರೆ ಅದು ರಕ್ತಕ್ಕೆ ಸೋರುತ್ತೆ. ರಕ್ತದಲ್ಲಿ ಅದು ಜಾಸ್ತಿ ಕಂಡ್ರೆ ಕೋಶಕ್ಕೆ ಏಟು ಬಿದ್ದಿದೆ ಅಂತ ಅಷ್ಟೇ ಅರ್ಥ. ಏಟು ಹಾಕಿದ್ದು ಹೆಂಡಾನಾ, ವೈರಸ್ಸಾ, ಮಕ್ಕಳ ಕೇಕಾ ಅಂತ ಆ ನಂಬರ್ ಒಂದೇ ಹೇಳಲ್ಲ. ಬಾಂಡ್ಲಿ ಹೊರ್ತಿದ್ದಾಗ ಇದನ್ನೇ ತಿಂದಿದ್ರೆ ಇಷ್ಟಾಗ್ತಿರ್ಲಿಲ್ಲ, ಮೈ ಖರ್ಚು ಮಾಡ್ತಿತ್ತು. ಕೂತು ತಿಂದೆ."

ಐದು ವರ್ಷ ಜಟ್ಟೆಮ್ಮ ಯಾರ ಮಾತಿಗೆ ಕಟ್ಟುಬಿದ್ದು ತಿಂದಳೋ ಆ ಜಯಮಾಲಾಳೇ ಅದರ ಗುರುತು ಹಿಡಿದು ತನ್ನನ್ನು ಕುಡುಕಿ ಎಂದಿದ್ದಳು.

"ಮಾತ್ರೆ ಕೊಡ್ರಿ."

"ಇದಕ್ಕೆ ಮಾತ್ರೆ ಇಲ್ಲ. ಸಕ್ಕರೆ ಬಿಡು, ಬೇಕರಿ ಬಿಡು, ನಡಿ. ತೂಕ ಇಳೀಬೇಕು, ನಿಧಾನವಾಗಿ. ಹೀಗೇ ಬಿಟ್ರೆ ಸಕ್ಕರೆ ಕಾಯಿಲೆ ಬರುತ್ತೆ. ಲಿವರ್ ಗಟ್ಟಿಯಾಗಿ ನಿಮ್ಮಪ್ಪನ ಹಾಗೇ ಸಾಯಲೂಬಹುದು, ಒಂದು ಹನಿ ಕುಡೀದೇನೂ."

ಆ ಮಾತು ಜಟ್ಟೆಮ್ಮನಿಗೆ ನಾಟಿತು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಅವಳಿಗೆ ಬೇರೊಂದು ಯೋಚನೆ ಹತ್ತಿತು. ತನ್ನದು ನೂರಾ ಮೂವತ್ತೆಂಟಾದರೆ ಮಾನಪ್ಪನದು ಎಷ್ಟಿರಬೇಕು? ಆ ನಂಬರು ಬೀದಿಯವರೆಲ್ಲರ ಮುಖಕ್ಕೆ ಹಿಡಿಯಬೇಕು. ಮುಂದಿನ ಬುಧವಾರ ಗಂಡನನ್ನು ಎಳೆದುಕೊಂಡು ಹೋದಳು. ಬಿಟ್ಟಿ ಮದ್ದು ಸಿಗುತ್ತದೆ ಎಂದುಕೊಂಡು ಅವನೂ ಬಂದ. ಫಲಿತಾಂಶ ಬಂದಾಗ ಅವನ ಎಸ್‌ಜಿಪಿಟಿ ಮೂವತ್ತೊಂದು.

ಮಾನಪ್ಪ ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ವಾರವಿಡೀ ಬೀದಿಯಲ್ಲಿ ತಿರುಗಿದ. "ದಿನಾ ಕುಡಿಯವನ ಲಿವರ್ ನೋಡ್ರಿ, ಕುಡಿಯದವಳ ಲಿವರ್ ನೋಡ್ರಿ!" ಸಾರಾಯಿ ಅಂಗಡಿಯವನು ಅವನಿಗೆ ಒಂದು ಪ್ಯಾಕೆಟ್ಟು ಬಿಟ್ಟಿ ಕೊಟ್ಟ. ಡಾಕ್ಟರ್ ಖುರ್ಷೀದಾ ಅವನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: ಈ ನಂಬರ್ ಚೆನ್ನಾಗಿದೆ ಅಂದರೆ ಲಿವರ್ ಚೆನ್ನಾಗಿದೆ ಅಂತಲ್ಲ, ಎಷ್ಟೋ ಸಲ ಕೊನೆಯವರೆಗೂ ಇದು ಸುಮ್ಮನಿರುತ್ತದೆ. ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಜಟ್ಟೆಮ್ಮ ಎಲ್ಲರಿಗೂ ಹೇಳಿದಳು, ಯಾರೂ ಕೇಳಲಿಲ್ಲ. ಅವಳು ಅವನಿಗೆ ಬಡಿಸುವುದನ್ನು ಬಿಟ್ಟಳು. ಪಾತ್ರೆ ನಡುವೆ ಇಟ್ಟು, ಬೇಕಾದರೆ ಹಾಕಿಕೊಳ್ಳಲಿ ಎಂದು ತಿರುಗಿ ಕೂರುತ್ತಿದ್ದಳು.

ಜುಲೈ ಕೊನೆಯ ಶನಿವಾರ ಶಾಲೆಯಲ್ಲಿ ತಾಯಂದಿರ ಸಭೆ. ಜಟ್ಟೆಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಸ್ಕ್ಯಾನಿಂಗಿನ ಫಿಲ್ಮು, ರಿಪೋರ್ಟುಗಳು, ಡಾಕ್ಟರ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊರಟಳು. ಲಕ್ಷ್ಮಿದೇವಿ ಬಾಗಿಲಲ್ಲಿ ಅಡ್ಡ ನಿಂತಳು. "ಬೇಡ ಅವ್ವಾ. ಇನ್ನೂ ಮರ್ಯಾದೆ ಹೋಗುತ್ತೆ."

"ಇಂಗ್ಲಿಷ್ ಓದಾಕ ನಂಗ ಬರಂಗಿಲ್ಲ. ನೀ ಬಂದು ಓದ್ತಿ ಅಂದ್ರ ಬಾ. ಇಲ್ಲಂದ್ರ ಸರಿ."

ಲಕ್ಷ್ಮಿದೇವಿ ಸರಿದಳು. ಆದರೆ ಜೊತೆಗೆ ಹೋಗಲಿಲ್ಲ.

ಶಾಲೆಯ ಹಾಲಿನಲ್ಲಿ ಮೂವತ್ತು ನಲವತ್ತು ಜನ ಕುರ್ಚಿಗಳಲ್ಲಿ ಕೂತಿದ್ದರು. ಜಯಮಾಲಾ ಮುಂದೆ ನಿಂತು ಮಾತಾಡುತ್ತಿದ್ದಳು. ಜಟ್ಟೆಮ್ಮ ನಡುವಿನ ದಾರಿಯಲ್ಲಿ ನಡೆದು ಹೋಗಿ ಅವಳ ಪಕ್ಕ ನಿಂತು ಫಿಲ್ಮನ್ನು ಎತ್ತಿ ಹಿಡಿದಳು.

"ನಾ ಜಟ್ಟೆಮ್ಮ. ನಿಮ್ಮ ಮಕ್ಕಳ ಆಯಾ. ನಾ ಕುಡುಕಿ ಅಂತ ನಿಮಗ ಹೇಳ್ಯಾರ. ಇದು ನನ್ನ ಲಿವರ್. ಇದರಾಗ ಹೆಂಡ ಇಲ್ಲ. ಇದರಾಗ ನಿಮ್ಮ ಮಕ್ಕಳ ಡಬ್ಬಿ ಅದಾವ. ಐದು ವರ್ಷ ನೀವು ಕಟ್ಟಿ ಕೊಟ್ಟ ಬ್ರೆಡ್ಡು, ಕೇಕು ತಿಂದಾಕಿ ನಾ. ಡಬ್ಬಿ ಖಾಲಿ ಬರ್ಬೇಕು ಅಂತ ಈ ಮೇಡಂ ಹೇಳಿದ್ರು. ನಿಮ್ಮ ಮಕ್ಕಳು ಎರಡು ತುತ್ತು ತಿಂತಿದ್ವು. ಉಳಿದಿದ್ದೆಲ್ಲ ಇಲ್ಲಿ ಅದ." ಅವಳು ಬಲಪಕ್ಕೆಗೆ ಕೈ ಬಡಿದು ತೋರಿಸಿದಳು.

ಹಾಲಿನಲ್ಲಿ ಗದ್ದಲವೆದ್ದಿತು. ಆದರೆ ಜಟ್ಟೆಮ್ಮ ಎಣಿಸಿದ ಗದ್ದಲ ಅದಲ್ಲ. ಮುಂದಿನ ಸಾಲಿನ ತಾಯಿಯೊಬ್ಬಳು ಎದ್ದು ಜಯಮಾಲಾಳನ್ನು ಕೇಳಿದಳು, "ಹಾಗಾದ್ರೆ ನನ್ನ ಮಗ ಊಟಾನೇ ಮಾಡ್ತಿರ್ಲಿಲ್ವಾ? ನೀವು ಪೂರ್ತಿ ತಿಂತಾನೆ ಅಂದ್ರಲ್ಲ?" ಇನ್ನೊಬ್ಬಳು, "ನಮ್ಮ ಮಗು ಸ್ಪೂನಲ್ಲೇ ಇವಳು ತಿಂತಿದ್ಲಾ?" ಎಂದು ಮುಖ ಕಿವುಚಿದಳು. ಡಬ್ಬಿಯ ಬಗ್ಗೆ ಎಲ್ಲರೂ ಮಾತಾಡಿದರು. ತಿಂದವಳ ಬಗ್ಗೆ ಯಾರೂ ಆಡಲಿಲ್ಲ. ಜಯಮಾಲಾಳ ದನಿ ಮೊದಲ ಸಲ ಏರಿತು. ಆಂಜನಮ್ಮನನ್ನು ಕರೆದು, "ನಾನು ಹಾಗೆ ಹೇಳಿದ್ದೆನಾ? ಹೇಳು," ಎಂದಳು.

ಆಂಜನಮ್ಮ ಜಟ್ಟೆಮ್ಮನ ಕಡೆ ನೋಡದೆ, "ಇಲ್ಲ ಮೇಡಂ," ಎಂದಳು.

ಜಟ್ಟೆಮ್ಮ ಅವತ್ತು ಯಾರ ಮೇಲೂ ಎರಗಲಿಲ್ಲ. ಫಿಲ್ಮನ್ನು ಚೀಲಕ್ಕೆ ಹಾಕಿಕೊಂಡು, ಆಂಜನಮ್ಮನ ಕಾಲ ಬಳಿ ಉಗಿದು ಹೊರಗೆ ಬಂದಳು.

ಹದಿನೈದು ದಿನದ ಮೇಲೆ ಶಾಲೆಯ ಡ್ರೈವರು ಒಂದು ಲಕೋಟೆ ತಂದುಕೊಟ್ಟ. ಜಟ್ಟೆಮ್ಮ ಐದು ವರ್ಷ ಒಳ್ಳೆಯ ನಡತೆಯಿಂದ ಕೆಲಸ ಮಾಡಿದ್ದಾಳೆ ಎಂದು ಜಯಮಾಲಾಳ ಸಹಿಯೊಂದಿಗೆ ಬರೆದಿತ್ತು. ಬೇಕಾದರೆ ಮಕ್ಕಳ ಕ್ಲಾಸು ಬಿಟ್ಟು ಹೊರಗಿನ ಕಸ ಗುಡಿಸುವ ಕೆಲಸಕ್ಕೆ ಬರಬಹುದು ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದಳು. ತಪ್ಪಾಯಿತೆಂಬ ಮಾತು ಕಾಗದದಲ್ಲೂ ಇರಲಿಲ್ಲ, ಬಾಯಲ್ಲೂ ಇರಲಿಲ್ಲ. ಜಟ್ಟೆಮ್ಮ ಕಾಗದ ಇಟ್ಟುಕೊಂಡಳು. ಕೆಲಸಕ್ಕೆ, "ಅವಳೇ ಗುಡಿಸ್ಕೊಳ್ಳಲಿ," ಎಂದು ಹೇಳಿ ಕಳಿಸಿದಳು.

ಆ ಕಾಗದ ಓದಿದವಳೂ ಲಕ್ಷ್ಮಿದೇವಿಯೇ. ಓದಿ ಮುಗಿಸಿ, ಶೆಲ್ಫಿನಿಂದ ಎಲ್ಲ ರಿಪೋರ್ಟುಗಳನ್ನೂ ಇಳಿಸಿ ಒಂದೊಂದಾಗಿ ನೋಡಿದಳು. ಡಾಕ್ಟರ್ ಖುರ್ಷೀದಾ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಸಾಲನ್ನು ಅವಳು ಮೊದಲ ಸಲ ಓದಿದ್ದು ಆಗ: ಕುಡಿತಕ್ಕೆ ಸಂಬಂಧಿಸಿದ್ದಲ್ಲ.

"ಅವ್ವಾ, ತಪ್ಪಾಯ್ತು," ಎಂದಳು.

"ಡಾಕ್ಟರ್ ಬರದ್ರಂತ ನಂಬಿದಿ. ನಾ ಹೇಳಿದಾಗ ನಂಬ್ಲಿಲ್ಲ," ಎಂದಳು ಜಟ್ಟೆಮ್ಮ, ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತದೆ. ಆದರೂ ಮರುದಿನದಿಂದ ಇಬ್ಬರಲ್ಲಿ ಮಾತು ಶುರುವಾಯಿತು, ಅಳೆದು ಸುರಿದ ಹಾಗೆ ಎರಡೆರಡೇ ಮಾತು.

ಟಿನ್ ಫ್ಯಾಕ್ಟರಿಯ ಹತ್ತಿರ, ಹಳೇ ಮದ್ರಾಸು ರಸ್ತೆಯ ಬದಿಯಲ್ಲಿ ಗಿಡಗಳನ್ನು ಮಾರುವ ನರ್ಸರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಣ್ಣು ಕಲಸುವುದು, ಕುಂಡ ಹೊರುವುದು, ತೊಟ್ಟಿಯಿಂದ ನೀರು ಹೊಯ್ಯುವುದು. ಬೆಳಿಗ್ಗೆ ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೇ ಹೋಗುತ್ತಿದ್ದಳು. ಲಾರಿಗಳ ಹೊಗೆ ಕುಡಿಯುತ್ತಾ, ಮೈಮೇಲೆ ಬರುವ ಆಟೋದವರನ್ನು ಬೈಯುತ್ತಾ. ಊರಿನಿಂದ ಮತ್ತೆ ಜೋಳ ತರಿಸಿದಳು. ಚಹಾಕ್ಕೆ ಸಕ್ಕರೆ ಬಿಟ್ಟ ಮೊದಲ ತಿಂಗಳು ತಲೆನೋವು, ಕೈನಡುಕ, ಎಲ್ಲರ ಮೇಲೂ ಹರಿಹಾಯುವುದು. ಬೇಕರಿಯ ಮುಂದೆ ನಿಂತು, ಕ್ರೀಂ ಬನ್ನನ್ನು ದಿಟ್ಟಿಸಿ ನೋಡಿ, ಅದನ್ನೂ ಬೈದು ಮುಂದೆ ಹೋಗುತ್ತಿದ್ದಳು.

ನಾಲ್ಕು ತಿಂಗಳಿಗೆ ಎಸ್‌ಜಿಪಿಟಿ ನೂರಾ ಹತ್ತಾಯಿತು. ಆಮೇಲೆ ಒಂದು ಸಲ ಏರಿತು. ಊರಿನ ಮದುವೆಯಲ್ಲಿ ಮೂರು ದಿನ ಹೋಳಿಗೆ ತಿಂದದ್ದನ್ನು ಡಾಕ್ಟರ್ ಖುರ್ಷೀದಾ ಕಾಗದ ನೋಡಿಯೇ ಹಿಡಿದರು. ಬೆಂಚಿನವರೆಲ್ಲ ಕೇಳುವ ಹಾಗೆ ಬೈದರು. ಜಟ್ಟೆಮ್ಮನೂ ತಿರುಗಿ ಬೈದಳು. ಹದಿನಾಲ್ಕು ತಿಂಗಳಿಗೆ ಅವಳ ತೂಕ ಐವತ್ತೊಂಬತ್ತು, ಎಸ್‌ಜಿಪಿಟಿ ನಲವತ್ತೊಂದು.

"ಇನ್ನೂ ಒಂದು ಜಾಸ್ತಿ ಇದೆ," ಎಂದರು ಡಾಕ್ಟರು.

"ಅದು ನಿಮ್ಮ ಬೈಗುಳದ್ದು," ಎಂದಳು ಜಟ್ಟೆಮ್ಮ. ಆ ಮೇಜಿನ ಎರಡೂ ಬದಿ ನಗು ಕಂಡದ್ದು ಅದೊಂದೇ ಸಲ.

೨೦೦೬ರ ಬೇಸಿಗೆಯ ಒಂದು ಬೆಳಿಗ್ಗೆ ಜಟ್ಟೆಮ್ಮ ದಾಸವಾಳದ ಕುಂಡಗಳಿಗೆ ನೀರು ಬಿಡುತ್ತಿದ್ದಾಗ ನರ್ಸರಿಯ ಗೇಟಿನಲ್ಲಿ ಆಂಜನಮ್ಮ ಬಂದು ನಿಂತಳು. ಮೊದಲು ಗುರುತೇ ಸಿಗಲಿಲ್ಲ. ಮುಖ ಉಬ್ಬಿತ್ತು, ರವಿಕೆ ತೋಳು ಬಿಗಿದಿತ್ತು. ಜಟ್ಟೆಮ್ಮ ಹೋದ ಮೇಲೆ ಚಿಕ್ಕ ಮಕ್ಕಳ ಕ್ಲಾಸು ಅವಳ ಪಾಲಿಗೆ ಬಂದಿತ್ತು. ತಾಯಂದಿರ ಸಭೆಯ ಗದ್ದಲ ಒಂದೇ ತಿಂಗಳಲ್ಲಿ ತಣ್ಣಗಾಗಿ, ಡಬ್ಬಿಗಳು ಮತ್ತೆ ಖಾಲಿಯಾಗಿ ಮನೆಗೆ ಹೋಗತೊಡಗಿದ್ದವು. ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು.

"ಜಟ್ಟೆಮ್ಮಕ್ಕ, ನಂದೂ ರಿಪೋರ್ಟ್ ಬಂದಿದೆ. ತೊಂಬತ್ತಾರು. ನೀನೂ ಕುಡೀತೀಯಾ ಅಂತ ಮೇಡಂ ನನ್ನೂ ಕೇಳಿದ್ರು."

ಜಟ್ಟೆಮ್ಮ ನೀರಿನ ಪೈಪು ಬಿಡಲಿಲ್ಲ. "ನೀ ಏನಂದಿ?"

"ಏನೂ ಅನ್ಲಿಲ್ಲ. ಅಳು ಬಂತು." ಆಂಜನಮ್ಮನಿಗೆ ಈಗಲೂ ಅಳು ಬಂತು. "ಅವತ್ತು ನಾನು ಸುಳ್ಳು ಹೇಳ್ದೆ ಅಕ್ಕ. ಮನೇಲಿ ದುಡಿಯೋಳು ನಾನೊಬ್ಳೇ. ಕೆಲಸ ಹೋದ್ರೆ ಅಂತ ಭಯ."

"ನನ್ನ ಕೆಲಸ ಹೋತು. ನನ್ನ ಮಗಳು ನನ್ನ ಬಾಯಿ ಮೂಸಿದ್ಲು. ಭಯ ನಂಗ ಇರ್ಲಿಲ್ಲೇನು?"

ಆಂಜನಮ್ಮ ಬಾಗಿ ಅವಳ ಕಾಲು ಮುಟ್ಟಲು ಹೋದಳು. ಜಟ್ಟೆಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಪೈಪಿನ ನೀರು ಇಬ್ಬರ ನಡುವಿನ ಮಣ್ಣಿಗೆ ಬೀಳುವ ಹಾಗೆ ಹಿಡಿದಳು. ಅವಳ ಮನಸ್ಸಿನಲ್ಲಿ ಕರುಣೆ ಹುಟ್ಟಿತೆಂದು ಹೇಳಲಾಗದು. ಅವಳೇ ಆಮೇಲೆ ಮಗಳಿಗೆ ಹೇಳಿದ ಹಾಗೆ, ಆ ಹೆಂಗಸಿನ ಮುಖ ನೋಡಿದರೆ ಹೊಡೆಯಬೇಕು ಅನ್ನಿಸಿತು, ಆ ತೋಳು ನೋಡಿದರೆ ಕೈ ಬರಲಿಲ್ಲ.

"ಶಿವಾಜಿನಗರದಾಗ, ಮಸೀದಿ ಹಿಂದ ದವಾಖಾನಿ ಅದ," ಎಂದಳು ಕೊನೆಗೆ. "ಬುಧವಾರ ಹೋಗು. ಏನೂ ತಿನ್ನದಂಗ ಹೋಗು. ಡಾಕ್ಟರಮ್ಮ ಬೈತಾಳ, ಬೈಸ್ಕೋ. ಡಬ್ಬಿ ವಿಷಯ ಮುಚ್ಚಿಡಬ್ಯಾಡ, ಎಲ್ಲಾ ಹೇಳು. ನನ್ನ ಹೆಸರು ಮಾತ್ರ ಹೇಳಬ್ಯಾಡ."

ಆಂಜನಮ್ಮ ತಲೆಯಾಡಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಇನ್ನೇನಾದರೂ ಮಾತು ಬಂದೀತೆಂದು ಸ್ವಲ್ಪ ಹೊತ್ತು ಕಾದಳು. ಜಟ್ಟೆಮ್ಮ ಬೆನ್ನು ತಿರುಗಿಸಿ ಗುಲಾಬಿಯ ಸಾಲಿಗೆ ಹೋಗಿದ್ದಳು.